ಕೊಡಪಾನದ ಹೊಟ್ಟೆಯ ವಿಷಯವಾಗಿ ಕೆತ್ತನೆ ಯಂತ್ರದ ಕಂಪನಿಗೆ

ಕಂಪ್ಯೂಟರ್ ಕೆತ್ತನೆ ಯಂತ್ರಗಳನ್ನು ಲೋಕಕ್ಕೆ ಕರುಣಿಸುತ್ತಿರುವ ಮಹಾಕಂಪನಿಯ ಪ್ರಧಾನ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ಬಂಟ್ವಾಳ ಪೇಟೆಯ ಪಾತ್ರೆ ಅಂಗಡಿಯ ಮುನಿರಾಜನು ಎದ್ದು ನಿಂತು, ಹೆಗಲ ಶಾಲು ಸರಿಪಡಿಸಿಕೊಂಡು, ಕೊನೆಯ ಸಾಲಿನವರಿಗೂ ಕೇಳುವಂಥ ಧ್ವನಿಯಲ್ಲಿ ಸಲ್ಲಿಸುವ ವಂದನೆಗಳು. ತಮ್ಮ ಆರೋಗ್ಯ, ತಮ್ಮ ಕಂಪನಿಯ ಆರೋಗ್ಯ, ತಮ್ಮ ಪ್ರತಿನಿಧಿ ಮಹಾಶಯರ ನಾಲಗೆಯ ಆರೋಗ್ಯ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ; ಮೂರನೆಯದರ ಬಗ್ಗೆಯಂತೂ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನಾನು ಅಳದಂಗಡಿಯಲ್ಲಿ ಬಾಲ್ಯದಿಂದಲೇ ನಾಟಕಗಳಲ್ಲಿ ರಾಜನಾಗಿ, ಮಂತ್ರಿಯಾಗಿ, ಒಮ್ಮೆ ತುರ್ತಿಗೆ ರಾಣಿಯೂ ಆಗಿ ಬೆಳೆದವನಾದ್ದರಿಂದ ದೊಡ್ಡವರನ್ನು ಹೇಗೆ ಸಂಬೋಧಿಸಬೇಕೆಂದು ಬಲ್ಲೆ. ಪರದೆ ಬಿದ್ದ ಮೇಲೆ ಯಾರ ಕಿರೀಟ ಯಾವ ರಟ್ಟಿನದ್ದೆಂದೂ ಬಲ್ಲೆ.

ತಮ್ಮಂಥವರಿಗೆ ನಮ್ಮ ಕಡೆಯ ರೀತಿ ತಿಳಿದಿರಲಾರದು. ಇಲ್ಲಿ ಮದುವೆಗೋ ಮನೆ ಒಕ್ಕಲಿಗೋ ಪಾತ್ರೆ ಉಡುಗೊರೆ ಕೊಟ್ಟರೆ, ಅದರ ಮೇಲೆ ಕೊಟ್ಟವರ ಹೆಸರೂ ಊರೂ ಮೂಡುವವರೆಗೆ ಅದು ಕೊಟ್ಟ ಲೆಕ್ಕವಲ್ಲ. ಹೆಸರು ಬೀಳಬೇಕಾದ್ದು ಪಾತ್ರೆಯ ಹೊಟ್ಟೆಯ ಮೇಲೆ, ನೀರು ಬಗ್ಗಿಸುವಾಗ ಎದುರು ಕುಳಿತವರ ಕಣ್ಣಿಗೆ ಹೊಡೆಯುವ ಜಾಗದಲ್ಲಿ. ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ ಮದುವೆಗೆ ಹೊರಟವರು ನಮ್ಮ ಅಂಗಡಿಯೆದುರು ಬಸ್ಸಿಳಿದು, ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು ಗುರುಗುಟ್ಟುತ್ತಿರುವಾಗಲೇ ಕೊಡಪಾನ ಆರಿಸಿ, ಹೆಸರು ಹಾಕಿಸಿ, ಅದೇ ಬಸ್ಸು ಹತ್ತುತ್ತಿದ್ದರು. ಅಷ್ಟು ಬೇಗ, ಅಷ್ಟು ಚೆಂದಕ್ಕೆ ಲೋಹ ಕೊರೆಯುವ ಕರೆಂಟು ಪೆನ್ನಿನಲ್ಲಿ ಬರೆಯುತ್ತಿದ್ದವಳು ನನ್ನ ಹೆಂಡತಿ ತ್ರಿಶಲಾ.

ಆ ಪೆನ್ನು ಕಣಜದ ಹುಳದಂತೆ ಗುಂಯ್‌ಗುಡುತ್ತದೆ, ಮಾನ್ಯರೇ. ವರ್ಷಗಟ್ಟಲೆ ಗುಂಯ್‌ಗುಟ್ಟಿ ಅದು ಅವಳ ಬಲಗೈಯೊಳಗೇ ಗೂಡು ಕಟ್ಟಿತು. ಬೆರಳುಗಳು ಬಿಳಿಚಿ ಜೋಮು ಹಿಡಿದವು, ಚಹಾದ ಲೋಟ ಕೈ ಜಾರತೊಡಗಿತು, ಬೆಳಿಗ್ಗೆ ಜಡೆ ಹೆಣೆಯಲೂ ಅವಳು ತಂಗಿಯನ್ನು ಕರೆಯಬೇಕಾಯಿತು. ಡಾಕ್ಟರು ಪರೀಕ್ಷಿಸಿ, "ನೀವು ಈ ಪೆನ್ನನ್ನು ಬಿಡ್ಬೇಕು ಅಮ್ಮಾ, ಇಲ್ಲದಿದ್ರೆ ಕೈ ನಿಮ್ಮನ್ನು ಬಿಡ್ತದೆ" ಎಂದರು. ಆ ಕೈಯನ್ನು ಉಳಿಸಿಕೊಳ್ಳುವುದಕ್ಕಾಗಿ ಮಾತ್ರವೇ ನಾವು ಯಂತ್ರವನ್ನು ಆರಿಸಲು ಹೊರಟದ್ದು. ಇದನ್ನು ತಾವು ಮರೆಯದೆ ಮುಂದೆ ಓದಬೇಕು.

ನಮ್ಮೆದುರು ಆಯ್ಕೆಗಳಿಗೆ ಬರವಿರಲಿಲ್ಲ. ಹಿತ್ತಾಳೆಯ ಅಚ್ಚಕ್ಷರಗಳ ಮೇಲೆ ಒಂದು ಕಡ್ಡಿ ಓಡಿಸಿದರೆ ಇನ್ನೊಂದು ತುದಿಯ ಸೂಜಿ ಅದನ್ನೇ ಪಾತ್ರೆಯ ಮೇಲೆ ಗೀರುವ ಒಂದು ಸರಳ ಯಂತ್ರವಿತ್ತು. ತ್ರಿಶಲಾಳ ಮನಸ್ಸು ಅದರ ಮೇಲಿತ್ತು. ಅಷ್ಟರಲ್ಲಿ ತಮ್ಮ ಪ್ರತಿನಿಧಿಯವರು ಬೂಟು ಟೈ ಸಮೇತ ಪ್ರವೇಶ ಮಾಡಿದರು. ಆಹಾ, ಅದೆಂಥ ಪ್ರವೇಶ! ಹಾರ್ಮೋನಿಯಂ ಒಂದು ಮಾತ್ರ ಇರಲಿಲ್ಲ. ಪಕ್ಕದ ಬಟ್ಟೆ ಅಂಗಡಿಯ ಶಾಹುಲ್ ಹಮೀದ್ ಗಿರಾಕಿಯನ್ನು ಅರ್ಧ ಸೀರೆಯಲ್ಲೇ ಬಿಟ್ಟು ಓಡಿಬಂದರು. ಪ್ರತಿನಿಧಿಯವರು ಒಂದು ತಗಡು ಇಟ್ಟು ಗುಂಡಿ ಒತ್ತಿದ್ದೇ ತಡ, ನಮ್ಮ ಅಂಗಡಿಯ ಹೆಸರು ಬಳ್ಳಿ ಹೂವಿನ ಸಮೇತ ತಾನಾಗಿ ಮೂಡಿತು. ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಊರಿನಲ್ಲಿ ರಂಗದ ಮೇಲಿರುವ ರಾಜನನ್ನು ನಡುವೆ ತಡೆದು ಪ್ರಶ್ನೆ ಕೇಳುವ ಪದ್ಧತಿಯಿಲ್ಲ.

ಪದ್ಧತಿ ಮುರಿದವಳು ತ್ರಿಶಲಾ. "ತಗಡು ಬಿಡಿ, ಕೊಡಪಾನಕ್ಕೆ ಆಗ್ತದಾ ಇದು?" ಎಂದು ಕೇಳಿಯೇಬಿಟ್ಟಳು. ತಮ್ಮವರು ನಕ್ಕರು. "ಎಲ್ಲಾ ಆಗುತ್ತೆ ಮೇಡಂ, ರೋಟರಿ ಅಟ್ಯಾಚ್‌ಮೆಂಟ್ ಇದೆ, ನೀವು ತಲೆನೇ ಕೆಡಿಸ್ಕೋಬೇಡಿ" ಎಂದರು. ಆ ಇಂಗ್ಲಿಷ್ ಹೆಸರು ನಮ್ಮ ಮಾಡಿನ ಹಂಚುಗಳನ್ನು ತಟ್ಟಿ ಮೂರು ಸಲ ಪ್ರತಿಧ್ವನಿಸಿತು. ಶಾಹುಲ್ ಹಮೀದರು, "ಅಟ್ಯಾಚ್‌ಮೆಂಟೇ ಉಂಟಂತೆ ಮುನಿರಾಜಣ್ಣ, ಇನ್ನೆಂಥ ಬೇಕು?" ಎಂದರು. ಅಲ್ಲಿಗೆ ಆಯ್ಕೆ ಮುಗಿಯಿತು.

ಯಂತ್ರರಾಜರು ಲಾರಿಯಲ್ಲಿ ಆಗಮಿಸಿದರು. ಅವರ ಭಾರಕ್ಕೆ ನಮ್ಮ ಮೇಜು ಮಂಡಿಯೂರಿತು. ಮೊದಲೆಲ್ಲ ನೇತ್ರಾವತಿ ಉಕ್ಕಿ ಪೇಟೆಗೆ ಬಂದರೆ ತ್ರಿಶಲಾ ಪೆನ್ನನ್ನು ಸೆರಗಿಗೆ ಸಿಕ್ಕಿಸಿ ಅಟ್ಟ ಹತ್ತುತ್ತಿದ್ದಳು; ಈಗ ನೆರೆ ಬಂದರೆ ಪಲ್ಲಕ್ಕಿ ಹೊರುವವರನ್ನೇ ಕರೆಸಬೇಕು. ಬಹುಕಾಲದ ಪತ್ರವ್ಯವಹಾರದ ನಂತರ ರೋಟರಿ ಅಟ್ಯಾಚ್‌ಮೆಂಟ್ ಎಂಬ ಯುವರಾಜರೂ ಬಂದರು. ಅವರು ಕೊಳವೆಯಂತೆ ನೆಟ್ಟಗಿರುವುದನ್ನು ಮಾತ್ರ ಹಿಡಿದು ತಿರುಗಿಸುವವರು. ಹೊಟ್ಟೆ, ಸೊಂಟ, ಕುತ್ತಿಗೆ ಇರುವ ಯಾವುದನ್ನೂ ಮುಟ್ಟುವುದು ಅವರ ವ್ರತಕ್ಕೆ ವಿರುದ್ಧ. ತಮಗೆ ಬರೆದು ಕೇಳಿದಾಗ, "ಪಾತ್ರೆಯ ಸುತ್ತಳತೆ ಎಲ್ಲ ಕಡೆ ಸಮನಾಗಿರತಕ್ಕದ್ದು, ಇಲ್ಲವಾದಲ್ಲಿ ಹೆಸರನ್ನು ತಳಭಾಗದಲ್ಲಿ ಕೆತ್ತಬಹುದು" ಎಂದು ಅಪ್ಪಣೆ ಕೊಡಿಸಿದಿರಿ.

ಎಂಥ ದೂರದೃಷ್ಟಿ! ಇಷ್ಟು ತಲೆಮಾರುಗಳಿಂದ ಕೊಡಪಾನವನ್ನು ಸೊಂಟದ ಮೇಲೆ ಹೊತ್ತ ನಮ್ಮ ಹೆಂಗಸರಿಗೆ ಅದು ಕೊಳವೆಯಂತೆ ನೆಟ್ಟಗಿರಬೇಕೆಂದು ಹೊಳೆದಿರಲಿಲ್ಲವಲ್ಲ! ಆದ್ದರಿಂದ ತಾವು ಕೂಡಲೇ ಪಾತ್ರೆ ಕಾರ್ಖಾನೆಗಳಿಗೆಲ್ಲ ಆಜ್ಞೆ ಹೊರಡಿಸಿ ಕೊಡಪಾನ, ಚೊಂಬು, ಗಿಂಡಿಗಳನ್ನು ಕೊಳವೆಯಾಕಾರಕ್ಕೆ ತರಬೇಕೆಂದು ವಿನಂತಿ. ಅವು ಕೂರುವಂತೆ ಹೆಂಗಸರ ಸೊಂಟವನ್ನೂ ಒಂದು ಸುತ್ತೋಲೆಯಿಂದ ತಿದ್ದಬಹುದು. ಕೈ ಹಾಕಿದ ಮೇಲೆ ಭೂಮಿಯನ್ನೂ ಬಿಡಬೇಡಿ. ಅದೂ ತಮ್ಮ ಯಂತ್ರಕ್ಕೆ ಒಗ್ಗದಷ್ಟು ಗುಂಡಗಿದೆಯಂತೆ.

ಇನ್ನು ಆ ದಿನದ ಸಂಗತಿ. ಶಾಹುಲ್ ಹಮೀದರ ಮಗಳು ಹಫ್ಸಳ ಮದುವೆ. ಅವರ ಅಕ್ಕ ಸೈನಬ ವಾಮದಪದವಿನಿಂದ ಬಂದು, ತಮ್ಮನ ಮಗಳಿಗೆಂದು ನಮ್ಮಲ್ಲಿದ್ದ ಅತಿ ದೊಡ್ಡ ಕೊಡಪಾನವನ್ನು ಆರಿಸಿದರು. ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ, ಹೆಸರನ್ನು ಅಡಿಭಾಗಕ್ಕೆ ಹಾಕುವ ಎಂದು ನಾನು ಸೂಚಿಸಿದೆ. ಸೈನಬಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀರು ಕುಡೀಲಿಕ್ಕೆ ಬಂದವರೆಲ್ಲ ಕೊಡಪಾನದ ಅಡಿಯಲ್ಲಿ ಅಂಗಾತ ಮಲಗಿ ನನ್ನ ಹೆಸರು ಓದ್ಬೇಕಾ ಮಾರಾಯ್ರೆ?" ಎಂದರು. ತ್ರಿಶಲಾ ಪೆನ್ನಿಗೆ ಕೈ ಚಾಚಿದಳು. "ನೀವು ಬೇಡ, ನಿಮ್ಮ ಕೈ ನೋಡಿದ್ರೇ ಹೆದರಿಕೆ ಆಗ್ತದೆ. ಅಷ್ಟು ದೊಡ್ಡ ಮಿಷನ್ ಉಂಟಲ್ಲ, ಅದೇ ಬರೀಲಿ" ಎಂದು ಸೈನಬಕ್ಕನೇ ತಡೆದರು.

ನಾನು ಕೊಡಪಾನವನ್ನು ಬಟ್ಟೆ ಸುತ್ತಿ, ಹಗ್ಗ ಬಿಗಿದು, ಅಪರಾಧಿಯನ್ನು ಕಂಬಕ್ಕೆ ಕಟ್ಟಿದಂತೆ ಯಂತ್ರಕ್ಕೆ ಕಟ್ಟಿ ಗುಂಡಿ ಒತ್ತಿದೆ. ತಮ್ಮ ಯಂತ್ರ ಮೊದಲ ಅಕ್ಷರವನ್ನು ಮುತ್ತಿನಂತೆ ಬರೆಯಿತು. ಹೊಟ್ಟೆ ಉಬ್ಬಿದಲ್ಲಿ ಸೂಜಿ ಒಳಕ್ಕೆ ಇಳಿದು ಉಕ್ಕನ್ನೇ ತೂತು ಮಾಡಿತು. ಹೊಟ್ಟೆ ಇಳಿಜಾರಾದಲ್ಲಿ, ಕೆಳಗೆ ಪಾತ್ರೆಯೇ ಇಲ್ಲವೆಂಬುದನ್ನು ಲೆಕ್ಕಿಸದೆ, ಉಳಿದ ಅಕ್ಷರಗಳನ್ನೂ ಊರಿನ ಹೆಸರನ್ನೂ ಪರಮ ಗಾಂಭೀರ್ಯದಿಂದ ಗಾಳಿಯಲ್ಲಿ ಬರೆದು ಮುಗಿಸಿ, ಕೆಲಸ ಪೂರೈಸಿದ್ದಕ್ಕೆ ಕುಂಯ್ ಎಂದು ಗಂಟೆ ಬಾರಿಸಿತು. ನಾನು ಕಂಡ ಎಷ್ಟೋ ನಟರು ಮಾತು ಮರೆತು ನಿಂತದ್ದುಂಟು. ಇಷ್ಟು ನಿರ್ಲಜ್ಜೆಯಿಂದ ನಮಸ್ಕಾರ ಮಾಡಿ ಒಳಗೆ ಹೋದವರನ್ನು ನೋಡಿರಲಿಲ್ಲ.

ಸೈನಬಕ್ಕ ಹತ್ತಬೇಕಾದ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ತ್ರಿಶಲಾ ಯಾರ ಮಾತನ್ನೂ ಕೇಳದೆ ಇನ್ನೊಂದು ಕೊಡಪಾನ ಇಳಿಸಿ, ಮಡಿಲಲ್ಲಿಟ್ಟುಕೊಂಡು ತಾನೇ ಬರೆಯಲು ಕೂತಳು. ಹೆಸರು ಮುಗಿಯುವವರೆಗೆ ಕೈ ಅವಳ ಮಾತು ಕೇಳಿತು. ಊರಿನ ಹೆಸರಿನ ನಡುವೆ ಬೆರಳು ಬಿಟ್ಟುಕೊಟ್ಟಿತು. ಪೆನ್ನು ಜಾರಿ, ಉದ್ದಕ್ಕೆ ಒಂದು ಗೀರು ಎಳೆಯಿತು. ಅವಳ ಬರಹದಲ್ಲಿ ನಾನು ಕಂಡ ಮೊದಲ ಗೀರು. ಸೈನಬಕ್ಕ ಅದನ್ನು ನೋಡಿದರು, ಅವಳ ಮುಖವನ್ನೂ ನೋಡಿದರು. "ಓದ್ಲಿಕ್ಕೆ ಆಗ್ತದಲ್ಲ, ಸಾಕು ತ್ರಿಶಲಕ್ಕ" ಎಂದು ಮೆಲ್ಲಗೆ ಹೇಳಿ ಕೊಡಪಾನವನ್ನು ಎತ್ತಿಕೊಂಡರು. ಪೇಟೆಯಿಡೀ ತನ್ನ ಅಕ್ಷರವನ್ನು ಹೊಗಳುವುದನ್ನು ಕೇಳಿದವಳಿಗೆ ಆ "ಸಾಕು" ಎಲ್ಲಿ ತಾಗಿತೆಂದು ನಾನು ಹೇಳಲಾರೆ. ಅವಳು ಪೆನ್ನಿನ ವಯರು ಸುತ್ತಿ ನನ್ನ ಮುಂದಿಟ್ಟು, "ಇನ್ನು ಇದು ನಿಮಗೆ" ಎಂದಳು.

ಈಗ ಬರೆಯುವವನು ನಾನು, ಮಾನ್ಯರೇ. ನನ್ನ ಅಕ್ಷರಗಳೂ ನನ್ನ ಧ್ವನಿಯಂತೆಯೇ ದೊಡ್ಡವು. ಹೆಸರು ಪಾತ್ರೆಯನ್ನು ಸುತ್ತಿ ಬಂದು ತನ್ನ ಬಾಲವನ್ನೇ ತುಳಿಯುತ್ತದೆ, ಊರಿಗೆ ಜಾಗವಿರುವುದಿಲ್ಲ. ತ್ರಿಶಲಾ ಪಕ್ಕದಲ್ಲಿ ಕೂತು, "ನಾಟಕದ ಬೋರ್ಡಾ ಇದು? ಸಣ್ಣ ಮಾಡಿ ಮಾರಾಯ್ರೆ" ಎಂದು ಬೈಯುತ್ತಾಳೆ. ಗಿರಾಕಿಗಳು ಅರ್ಧದಷ್ಟು ಉಳಿದಿದ್ದಾರೆ. ಅವರಲ್ಲೂ ಕೆಲವರು ಈ ಬೈಗುಳ ಕೇಳಲಿಕ್ಕೇ ಬರುವವರು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ಯಂತ್ರರಾಜರನ್ನೂ ಯುವರಾಜರನ್ನೂ ಸಕಲ ಮರ್ಯಾದೆಗಳೊಂದಿಗೆ ಹಿಂದಕ್ಕೆ ಕರೆಸಿಕೊಂಡು, ಬದಲಿಗೆ ಒಂದು ಬಲಗೈ ಕಳುಹಿಸಿಕೊಡಿ. ಹೊಸತೇ ಆಗಬೇಕೆಂದಿಲ್ಲ, ಬಳಸಿದ್ದಾದರೂ ಅಡ್ಡಿಯಿಲ್ಲ. ಬಳ್ಳಿ ಹೂವು ಬಿಡಿಸಲು ಬಾರದಿದ್ದರೂ ನಡೆಯುತ್ತದೆ. ಬಿಸಿ ಚಹಾದ ಲೋಟವನ್ನು ಬೀಳಿಸದೆ ಹಿಡಿಯಬೇಕು, ಬೆಳಿಗ್ಗೆ ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳಬೇಕು, ಅಷ್ಟೇ. ಅಂಥದ್ದು ತಮ್ಮ ಗೋದಾಮಿನಲ್ಲಿ ಇಲ್ಲವೆಂದಾದರೆ, "ಎಲ್ಲಾ ಆಗುತ್ತೆ ಮೇಡಂ" ಎಂಬ ಮಾತನ್ನು ಇನ್ನು ಯಾವ ಅಂಗಡಿಯಲ್ಲೂ ಆಡದಂತೆ ತಮ್ಮ ಪ್ರತಿನಿಧಿಯವರ ಬಾಯಿಗಾದರೂ ಒಂದು ಅಟ್ಯಾಚ್‌ಮೆಂಟ್ ಮಾಡಿಸಿ.

ಇಷ್ಟಾದರೂ ಯಂತ್ರವನ್ನು ದಿನಾಲೂ ಒರೆಸಿಡುತ್ತಿರುವ,

ತಮ್ಮ ವಿಶ್ವಾಸಿ,
ಮುನಿರಾಜ
ಬಂಟ್ವಾಳ ಪೇಟೆ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ, ನಮ್ಮನ್ನು 'ಆದರ್ಶ ಗ್ರಾಹಕ' ಎಂದು ಸಾರುವ ತಮ್ಮ ಹಿತ್ತಾಳೆ ಫಲಕ ಅಂಚೆಯಲ್ಲಿ ಬಂತು, ಕೃತಜ್ಞತೆಗಳು. ತ್ರಿಶಲಾ ಅದನ್ನು ಬೆಳಕಿಗೆ ಹಿಡಿದು, ಎಡಗೈ ಬೆರಳಿನಿಂದ ಸವರಿ, "ಇದು ಮಿಷನ್ ಬರೆದದ್ದಲ್ಲ. ಪೆನ್ನಿನಲ್ಲಿ ಕೂತು ಯಾರೋ ಬರೆದದ್ದು" ಎಂದಳು. ತಮ್ಮ ಕಂಪನಿಗೇ ಬೇಡವಾದ ಯಂತ್ರವನ್ನು ನಮಗೆ ಆರಿಸಿಕೊಟ್ಟ ಔದಾರ್ಯದ ಬಗ್ಗೆ ನಾನು ಏನೂ ಕೇಳುವುದಿಲ್ಲ. ಆದರೆ ಆ ಬರೆದವರು ಯಾರು, ಅವರ ಕೈ ಈಗ ಹೇಗುಂಟು ಎಂದು ತ್ರಿಶಲಾ ಕೇಳುತ್ತಿದ್ದಾಳೆ. ಅವಳಿಗೆ ಮಾತ್ರ ಮರುಟಪಾಲಿನಲ್ಲಿ ಉತ್ತರ ಕೊಡಿ.