ಕರದಂಟಿನ ಡಬ್ಬಿಯ ಮೇಲಿನ ಒಂದು ಸಾಲು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ವರ್ಷಕ್ಕೊಂದು ಸುಧಾರಣೆ ಬರುತ್ತದೆ. ಬಂದ ಸುಧಾರಣೆಗೆ ಕುರ್ಚಿ ಹಾಕಿಕೊಡುವವರು ಪ್ರತಿ ಸಲವೂ ಚಾಚಾ. ಬಾಗಲಕೋಟೆಯಲ್ಲಿ ಪಾಠ ಹೇಳಲು ಶುರು ಮಾಡಿದ ದಿನದಿಂದ ನಾನು ಇದನ್ನೇ ನೋಡುತ್ತಿದ್ದೇನೆ.

ಚಾಚಾ ನಮ್ಮ ಲ್ಯಾಬ್ ಅಟೆಂಡರ್. ಇಂಟರ್‌ನೆಟ್ಟಿನಿಂದ ದೊಡ್ಡ ಫೈಲು ಇಳಿಸಬೇಕಾದಾಗ ಅಕ್ಷರಗಳಷ್ಟೇ ಕಾಣುವ ಕಪ್ಪು ಪರದೆ ತೆರೆದು, ಗೋಡೆಗೆ ಅಂಟಿಸಿದ ಚೀಟಿ ನೋಡಿ ಒಂದು ಸಾಲು ಬಡಿಯುತ್ತಾರೆ: ಡಬ್ಲ್ಯೂಗೆಟ್ ಎಂಬ ಹಳೆಯ ಆಜ್ಞೆ, ಅಡ್ಡಗೆರೆ, ಸಿ, ಆಮೇಲೆ ಫೈಲಿನ ವಿಳಾಸ. ಆ ಸಿ ಇದ್ದರೆ ಅರ್ಧಕ್ಕೆ ನಿಂತ ಫೈಲು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಚೀಟಿ ಎಂದರೆ ಅಮೀನಗಡದ ಕರದಂಟಿನ ಡಬ್ಬಿಯ ರಟ್ಟಿನ ಮುಚ್ಚಳ. ತುಪ್ಪದ ಕಲೆ ಈಗಲೂ ಇದೆ.

೧. ಹೊಸದು ಬಂತು

ಈ ವರ್ಷ ಇಳಕಲ್ಲಿನಿಂದ ದಿನಾ ಬಸ್ಸಿಗೆ ಬರುವ ಅತಿಥಿ ಉಪನ್ಯಾಸಕರೊಬ್ಬರು ಸೇರಿದರು. ಬುದ್ಧಿವಂತರು. ಲ್ಯಾಬಿಗೆ ಏನಾದರೂ ಹೊಸದು ಮಾಡಿ ತೋರಿಸಿದರೆ ಮಾತ್ರ ಮುಂದಿನ ವರ್ಷವೂ ಕೆಲಸ ಎಂದು ಪ್ರಾಂಶುಪಾಲರು ಮೊದಲೇ ಹೇಳಿದ್ದರು.

ಅವರು ಚೀಟಿ ನೋಡಿ ನಕ್ಕರು. ಒಂದೇ ಫೈಲನ್ನು ಹದಿನಾರು ತುಂಡು ಮಾಡಿ ಒಟ್ಟಿಗೇ ಎಳೆದು ತರುವ ಸಲಕರಣೆ ಬಂದಿದೆ, ಅದರ ಮುಂದೆ ಇದು ಚಕ್ಕಡಿ ಗಾಡಿ ಎಂದರು. ಮಾತು ಖರೆ. ತೋರಿಸಿ ಎಂದೆವು. ಲ್ಯಾಬಿನ ಸರ್ವರಿನ ಮುಂದೆ ಕುಳಿತರು. ಅದರಲ್ಲಿ ಕಪ್ಪು ಪರದೆ ಬಿಟ್ಟರೆ ಬೇರೇನೂ ಇಲ್ಲ. ಹೊಸ ಸಲಕರಣೆಯನ್ನೇ ಮೊದಲು ಇಳಿಸಬೇಕು.

"ಚಾಚಾ, ಆ ಸಾಲು ಒಂಚೂರು ಓದಿ ಹೇಳ್ರಿ," ಎಂದರು.

೨. ಹದಿನಾರು ಮಂದಿ

ಹೊಸದು ಜೋರಾಗಿಯೇ ಓಡಿತು. ಮೂರನೆಯ ದಿನ, ನಾವು ಫೈಲು ತರುತ್ತಿದ್ದ ದೂರದ ಸರ್ವರು ಒಮ್ಮೆಗೇ ಹದಿನಾರು ಕೈ ಕಂಡು ದರೋಡೆಯೆಂದು ತಿಳಿದು, ಇಡೀ ಕಾಲೇಜಿಗೆ ಬಾಗಿಲು ಹಾಕಿತು. ಉಪನ್ಯಾಸಕರು ಉದ್ದನೆಯ ಕ್ಷಮಾಪಣೆ ಬರೆದರು. ಚಾಚಾ ಬೈಯಲಿಲ್ಲ.

"ಬೀಗರ ಮನಿಗೆ ಹೋದಾಗ ಒಬ್ಬಾವ ಬಾಗಲಾ ಬಡೀಬೇಕ್ರಿ ಮಾಸ್ತರ. ಹದಿನಾರು ಮಂದಿ ಕೂಡಿ ಬಡದ್ರ ಒಳಗಿನವ್ರು ಚಿಲಕಾ ಹಾಕ್ಕೋತಾರ."

ಎರಡು ದಿನ ಬಿಟ್ಟು ಚಾಚಾ ಹಳೆಯ ಸಾಲು ಹಿಡಿದು ಒಬ್ಬರೇ ಬಡಿದರು. ತೆರೆಯಿತು. ಹಳೆಯದು ಹೊಸದಕ್ಕಿಂತ ಚುರುಕೆಂದು ನಾನು ಹೇಳುವುದಿಲ್ಲ. ಯಾವ ಯಂತ್ರಕ್ಕೆ ಹೋದರೂ ಅದು ನಮಗಿಂತ ಮೊದಲೇ ಬಂದು ಕುಳಿತಿರುತ್ತದೆ, ಅಷ್ಟೆ. ನಮ್ಮ ಸಿಬ್ಬಂದಿಯಲ್ಲಿ ಈ ಗುಣ ಚಾಚಾ ಒಬ್ಬರಿಗಿದೆ.

೩. ಹಸಿರು ಗುಂಡಿ

ಕೊನೆಗೆ ಉಪನ್ಯಾಸಕರು ತಾವೇ ಒಂದು ಪ್ರೋಗ್ರಾಂ ಬರೆದರು. ಹಸಿರು ಗುಂಡಿ, ಅದರ ಮೇಲೆ ಕನ್ನಡದಲ್ಲಿ 'ಇಳಿಸು'. ಪ್ರಾಂಶುಪಾಲರು ನೋಡಲು ಬಂದರು. ಒತ್ತಿದರು. ಫೈಲು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ನಮ್ಮಲ್ಲಿ ಯಾವ ಸಮಾರಂಭವನ್ನೂ ಅದು ತಪ್ಪಿಸುವುದಿಲ್ಲ. ಮರಳಿ ಬಂದ ಮೇಲೆ ಮತ್ತೆ ಒತ್ತಿದರೆ ಫೈಲು ಅರ್ಧದಿಂದಲೇ ಮುಂದೆ ಸಾಗಿತು.

"ಹೊಸಾದು ಅಂದ್ರ ಇದು," ಎಂದರು ಪ್ರಾಂಶುಪಾಲರು. "ಚಾಚಾ, ಆ ಚೀಟಿ ಇನ್ನ ಕಿತ್ತು ಒಗೀರಿ."

ಚಾಚಾ ಕುರ್ಚಿ ಹತ್ತಿದರು. ಚೀಟಿಯ ಒಂದು ಮೂಲೆ ಬಿಚ್ಚಿತು. ಉಪನ್ಯಾಸಕರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು.

"ಸರ್, ಅದನ್ನ ತಗೀಬ್ಯಾಡ್ರಿ," ಎಂದರು. "ಗುಂಡಿ ನಂದು, ಬಣ್ಣ ನಂದು. ಒಳಗ ಕೆಲಸಾ ಮಾಡಿದ್ದು ಆ ಸಾಲು."

ಪ್ರಾಂಶುಪಾಲರು ಗುಂಡಿ ನೋಡಿದರು, ಚೀಟಿ ನೋಡಿದರು, ಕುರ್ಚಿಯ ಮೇಲಿನ ಚಾಚಾರನ್ನೂ ನೋಡಿದರು. ಆಮೇಲೆ ಮುಂದಿನ ವರ್ಷದ ಕೆಲಸಕ್ಕೆ ಉಪನ್ಯಾಸಕರು ಕೊಟ್ಟಿದ್ದ ಅರ್ಜಿ ತರಿಸಿ, 'ಲ್ಯಾಬಿಗೆ ಆಧುನಿಕ ತಂತ್ರಜ್ಞಾನ ತಂದಿದ್ದಾರೆ, ಮುಂದುವರಿಸಬಹುದು' ಎಂದು ಬರೆದು ಹೋದರು. ಹೀಗೆ ಉಪನ್ಯಾಸಕರೂ ನಿಂತಲ್ಲಿಂದ ಮುಂದುವರಿದರು.

ಚಾಚಾ ಬಿಚ್ಚಿದ ಮೂಲೆಯನ್ನು ಮತ್ತೆ ಅಂಟಿಸುತ್ತ ಕೇಳಿದರು: "ಗುಂಡಿ ಛಲೋ ಐತ್ರಿ ಮಾಸ್ತರ. ಬಾಕಿ ಕಂಪ್ಯೂಟರಿಗೆ ಅದನ್ನ ಹ್ಯಾಂಗ ಇಳಸೂದು?"

ಉಪನ್ಯಾಸಕರು ಚೀಟಿಯತ್ತ ಬೆರಳು ತೋರಿಸಿದರು.