ಅತ್ತೆಗೆ ಅಂಟಿಸಿದ ಇಂಗ್ಲಿಷ್

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಅತ್ತೆಯ ಮೇಲೆ ಹೊರಿಸಲು ಅನುಕೂಲ. ಬ್ಯಾಂಕ್ ಪರೀಕ್ಷೆಗೆಂದು ಬಳ್ಳಾರಿಯ ನಮ್ಮ ಮನೆಯಲ್ಲಿ ಕೂತು ನಾನು ಉರುಹೊಡೆಯುತ್ತಿದ್ದ ಕಷ್ಟದ ಇಂಗ್ಲಿಷ್ ಪದಗಳು ಬೆಳಿಗ್ಗೆ ತಲೆಯೊಳಗೆ ಬಂದರೆ ಮಧ್ಯಾಹ್ನದ ಊಟಕ್ಕೂ ನಿಲ್ಲುತ್ತಿರಲಿಲ್ಲ. ನನಗೆ ಬರುವ ವಿದ್ಯೆ ಒಂದೇ, ಬೇರೆಯವರಂತೆ ಮಾತಾಡಿ ತೋರಿಸುವುದು. ಹಾಗಾಗಿ ಒಂದೊಂದು ಪದವನ್ನು ಒಬ್ಬೊಬ್ಬ ನೆಂಟರಿಗೆ ಅಂಟಿಸಿ, ಅವರ ಅಣಕ ಮಾಡುತ್ತಾ ಕಲಿಯತೊಡಗಿದೆ. ಬಂದವರಿಗೆ ಬಿಸ್ಕತ್ತು ಮುರಿದು ಅರ್ಧ ಕೊಡುವ ಚಿಕ್ಕಪ್ಪ 'ಪಾರ್ಸಿಮೋನಿಯಸ್', ಅಂದರೆ ಜಿಪುಣ. ಬಾಯಿಗೆ ಬಿಡುವೇ ಕೊಡದ ಕುರುಗೋಡಿನ ಸೋದರತ್ತೆ 'ಗ್ಯಾರುಲಸ್', ಅಂದರೆ ವಾಚಾಳಿ. ಕೂತಲ್ಲಿಂದಲೇ ಅಮ್ಮನನ್ನು ನೀರು ಕೇಳುವ ನಾನು 'ಇಂಡೊಲೆಂಟ್', ಸೋಮಾರಿ. ನೆಂಟರಿಗೆ ಹಂಚಿ ನನ್ನೊಬ್ಬನನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವಲ್ಲ!

ಒಂದು ದಿನ ಟವೆಲನ್ನು ಸೆರಗಿನಂತೆ ಹೊದ್ದು, ಕುರುಗೋಡಿನ ಬಸ್ಸಿನಲ್ಲಿ ಅತ್ತೆ ಕೂರುವ ಹಾಗೆಯೇ ನಮ್ಮ ಪಡಸಾಲೆಯಲ್ಲಿ ಕೂತು, "ಕಂಡಕ್ಟರಪ್ಪಾ, ನಿನ್ನ ಸಣ್ಣ ಮಗಳಿಗೆ ಹಲ್ಲು ಬಂದಾವೇನು? ಗ್ಯಾರುಲಸ್, ಗ್ಯಾರುಲಸ್!" ಎನ್ನುತ್ತಿದ್ದೆ. ಬಾಗಿಲಲ್ಲಿ ಅತ್ತೆಯೇ ನಿಂತಿದ್ದಳು.

"ಏನಲೇ ಅದು, ನನಗ ಬೈಯಾಕ ಹತ್ತೀಯೇನು?"

"ಇಲ್ಲ ಅತ್ತಿ, ಗ್ಯಾರುಲಸ್ ಅಂದ್ರ ದೊಡ್ಡ ಮನಸ್ಸಿನಾಕಿ."

"ಮತ್ತ ನೀ ಏನು?"

"ಇಂಡೊಲೆಂಟ್. ಭಾಳ ದುಡಿಯಾವ."

ಅತ್ತೆ ಅರಳಿದಳು. ನಾನು ತಿಣುಕಿ ತಿಣುಕಿ ಕಲಿತದ್ದನ್ನು ಆಕೆ ಒಂದೇ ಸಲಕ್ಕೆ ಕಲಿತಳು. ಮರೆತಿದ್ದರೆ ನಾನಿವತ್ತು ಸಂಸಾರಸ್ಥ.

ಅದೇ ವಾರ, ಆಕೆಯೇ ಹುಡುಕಿದ್ದ ಹೆಣ್ಣನ್ನು ನೋಡಲು ಸಿರುಗುಪ್ಪಕ್ಕೆ ಹೋದೆವು. ಹುಡುಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಫೋಟೋ ನೋಡಿದಾಗಿನಿಂದ ನಾನು ಪುಸ್ತಕ ಮುಚ್ಚಿಟ್ಟಿದ್ದೆ; ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ, ಈ ಸಂಬಂಧ ಬರುವುದಿಲ್ಲ ಎಂದು. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆ ಕೈಗೆ ಬಂತು. ಅತ್ತೆ ಗಂಟಲು ಸರಿಮಾಡಿಕೊಂಡಳು.

"ನೋಡವ್ವಾ, ನಾ ಮೊದಲಿಂದ ಗ್ಯಾರುಲಸ್. ನಮ್ಮ ಹುಡುಗ ಅಂತೂ ಓಣಿಗೇ ದೊಡ್ಡ ಇಂಡೊಲೆಂಟ್! ಒಂದ್ ಗಳಿಗಿ ಸುಮ್ನ ಕುಂದ್ರಂಗಿಲ್ಲ."

ನಾನು ಕಚ್ಚಿದ ಮಿರ್ಚಿಯನ್ನು ಮೆಲ್ಲಗೆ ತಟ್ಟೆಗೇ ವಾಪಸ್ ಇಟ್ಟೆ. ಹುಡುಗಿ ನಗಲಿಲ್ಲ.

"ಹಂಗಂದ್ರ ಏನ್ರಿ ಅಮ್ಮಾ?"

"ನಾ ದೊಡ್ಡ ಮನಸ್ಸಿನಾಕಿ, ಇವ ದುಡಿಯಾವ. ಟೀಚರ್ ಆಗಿ ನಿನಗ ಗೊತ್ತಿಲ್ಲೇನವ್ವಾ? ಇವನೇ ಕಲಿಸ್ಯಾನ ನನಗ!"

ಹುಡುಗಿ ನನ್ನತ್ತ ತಿರುಗಿದಳು. ನಾನು ಯಾರ ಅಣಕ ಮಾಡಿ ತಪ್ಪಿಸಿಕೊಳ್ಳಲಿ ಎಂದು ಹುಡುಕುತ್ತಿದ್ದೆ. ಆಕೆ ಅತ್ತೆಗೆ ಮೆತ್ತಗೆ ಹೇಳಿದಳು:

"ಇವರಿಗೆ ಇಂಗ್ಲಿಷ್ ಸಾಕ್ರಿ ಅಮ್ಮಾ. ಕನ್ನಡದಾಗ ಒಂದು ಮಾತು ಕಲಿಸ್ರಿ: 'ಹೋಗಿ ಬರ್ತೀವ್ರಿ.'"