ಪಿಂಚ್ ಹಿಟರ್ ಕಳಿಸುವ ಸಂಕಟ

ಡಾಲಸ್ ಸುತ್ತಮುತ್ತಲ ನಮ್ಮ ಕನ್ನಡದವರ ಬೇಸ್‌ಬಾಲ್ ತಂಡಕ್ಕೆ ನಾನು ಕ್ಯಾಪ್ಟನ್ ಆದ ಮೇಲೆ ಪೇಚಿಗೆ ಸಿಲುಕದ ಶನಿವಾರವೇ ಇಲ್ಲ. ಇದಕ್ಕೆಲ್ಲ ಪಿಂಚ್ ಹಿಟರ್ ನಿಯಮವೇ ಕಾರಣ. ಬ್ಯಾಟ್ ಮಾಡುವ ಸರದಿ ಬಂದವನನ್ನು ಕೂರಿಸಿ, ಚೆನ್ನಾಗಿ ಹೊಡೆಯುವ ಇನ್ನೊಬ್ಬನನ್ನು ಕಳಿಸಬಹುದು. ಕೂತವನು ಆ ದಿನ ಮತ್ತೆ ಆಡುವಂತಿಲ್ಲ. ಇದನ್ನು ನಮ್ಮವರಿಗೆ ಬೇಜಾರಾಗದಂತೆ ಹೇಳುವುದು ಹೇಗೆಂದು ಇನ್ನೂ ತಿಳಿದಿಲ್ಲ.

೧. ಡಾಕ್ಟರ್

ಲಿಟಲ್ ಎಲ್ಮ್ ಊರಿನ ಪಂದ್ಯದಲ್ಲಿ ಧಾರವಾಡದ ಡಾಕ್ಟರನ್ನು ಕೂರಿಸಿದೆ. "ಯಾಕ್ರಿ, ನಾ ಏನ್ ತಪ್ಪ್ ಮಾಡೇನ್ರಿ?" ಎಂದರು.

"ಏನೂ ಇಲ್ಲ ಡಾಕ್ಟ್ರೇ. ಎಸೆಯೋನು ಎಡಗೈಯವನು, ನಿಮ್ಮದೂ ಎಡಗೈ. ಕಷ್ಟ ಆಗುತ್ತೆ."

ಮರುವಾರ ನನಗೆ ಕೆಮ್ಮು ಹಿಡಿದು ಅವರಿಗೇ ಫೋನ್ ಮಾಡಿದೆ. ಎರಡು ಸಲ ಕೆಮ್ಮಿದ್ದು ಕೇಳಿ, "ಈ ಕೆಮ್ಮು ನನಗ ಕಷ್ಟ ಆಗ್ತದರೀ. ಬ್ಯಾರೆ ಡಾಕ್ಟರನ್ನ ಕಳಸ್ತೀನಿ" ಎಂದರು.

೨. ಹುಡುಗ

ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬಲವಾಗಿ ಹೊಡೆಯುತ್ತಾನೆ. ಅವನನ್ನು ಕೊನೆಯವರೆಗೂ ಬೆಂಚಿನಲ್ಲೇ ಜೋಪಾನವಾಗಿಟ್ಟಿದ್ದೆ. ಬೇಕಾದಾಗ ತಿರುಗಿ ನೋಡಿದರೆ ಮಡಿಲಲ್ಲಿ ಬಿಸಿಬೇಳೆಬಾತಿನ ತಟ್ಟೆ.

"ಬೇಡ ಅಂದ್ರೂ ಊಟ ತಂದಿದ್ದ ಆಂಟಿ ಬಡಿಸ್ತಾನೇ ಇದ್ರು ಸಾರ್. ಮೊದಲೇ ಕರೆದಿದ್ರೆ ಓಡ್ತಿದ್ದೆ" ಎಂದು ಎದ್ದ. ಹೊಡೆತ ಮಾತ್ರ ಸೊಗಸಾಗಿತ್ತು. ಚೆಂಡು ಬೇಲಿ ಮುಟ್ಟಿತು, ತುಂಬಿದ ಹೊಟ್ಟೆಯಲ್ಲಿ ಓಡಿದ ಇವನು ಮೊದಲ ಬೇಸನ್ನೂ ಮುಟ್ಟಲಿಲ್ಲ.

೩. ಅಂಕಲ್

ಮರ್ಫಿ ಊರಿನ ಅಂಕಲ್ ನಮ್ಮ ತಂಡ ಕಟ್ಟಿದವರು, ಅರವತ್ತು ದಾಟಿದೆ. ಆಸ್ಟಿನ್‌ಗೆ ಶಿಫ್ಟ್ ಆಗುವ ಮೊದಲು ಹ್ಯೂಸ್ಟನ್ ತಂಡದ ಮೇಲಿನ ಈ ಪಂದ್ಯವೇ ಅವರ ಕೊನೆಯ ಆಟ. ಅಲ್ಲಿಯವರೆಗೆ ನಾವು ಒಂದನ್ನೂ ಗೆದ್ದಿರಲಿಲ್ಲ.

ಕೊನೆಯ ಇನ್ನಿಂಗ್ಸ್. ಸ್ಕೋರ್ ಸಮ. ಮೂರೂ ಬೇಸ್‌ಗಳಲ್ಲಿ ನಮ್ಮವರಿದ್ದರು, ಒಂದು ರನ್ ಬಂದರೆ ಗೆಲುವು. ಸರದಿ ಅಂಕಲ್‌ದು. ಆ ಸೀಸನ್‌ನಲ್ಲಿ ಅವರ ಬ್ಯಾಟಿಗೆ ಚೆಂಡು ತಾಗಿದ್ದನ್ನು ಯಾರೂ ಕಂಡಿರಲಿಲ್ಲ. ಹುಡುಗನನ್ನು ಕಳಿಸಿದರೆ ಗೆಲ್ಲಬಹುದು, ಆದರೆ ಅಂಕಲ್ ಕೊನೆಯ ಆಟ ಬೆಂಚಿನ ಮೇಲೆ ಮುಗಿಯುತ್ತದೆ.

"ಬಿಸಿಲು ಜಾಸ್ತಿ ಅಲ್ವಾ ಅಂಕಲ್? ಮಂಡಿ ಹೇಗಿದೆ?" ಎಂದೆ. ಅವರಿಗೆ ಅರ್ಥವಾಯಿತು. ಬ್ಯಾಟನ್ನು ಹುಡುಗನ ಕಡೆ ಚಾಚಿ, "ನೀನೇ ಹೋಗಪ್ಪ" ಎಂದರು.

"ಛೆ, ನೀವಿರುವಾಗ ನಾನಾ? ನೀವೇ ಹೋಗಿ ಅಂಕಲ್."

"ನಂದಿರ್ಲಿ, ನೀನು ಹೋಗು."

"ಖಂಡಿತ ಇಲ್ಲ, ಮೊದ್ಲು ನೀವು."

ಮದುವೆ ಮನೆಯ ಪಂಕ್ತಿಯಲ್ಲಿ ನಡೆಯುವ ಉಪಚಾರ ಇಲ್ಲೂ ನಡೆಯಿತು. ತಡ ಮಾಡಿದ್ದಕ್ಕೆ ಅಂಪೈರ್ ಒಂದು ಸ್ಟ್ರೈಕ್ ಕೂಗಿದ. ಇವರು ನಿಲ್ಲಿಸಲಿಲ್ಲ. ಎರಡನೆಯದನ್ನೂ ಕೂಗಿದ. ಮೂರಾದರೆ ಔಟ್. ಹತ್ತಿರವಿದ್ದ ಅಂಕಲ್ ಬೆನ್ನಿಗೆ ಕೈಯಿಟ್ಟು ಮೈದಾನಕ್ಕೆ ದಬ್ಬಿದೆ.

ಇವರ ಉಪಚಾರ ನೋಡಿ ನಕ್ಕು ನಕ್ಕು ಸುಸ್ತಾಗಿದ್ದ ಹ್ಯೂಸ್ಟನ್‌ ಪಿಚರ್ ನಾಲ್ಕು ಚೆಂಡನ್ನೂ ಎಲ್ಲೆಲ್ಲೋ ಎಸೆದ. ಅಂಕಲ್ ಬ್ಯಾಟ್ ಅಲ್ಲಾಡಿಸಲೂ ಇಲ್ಲ. ನಾಲ್ಕು ತಪ್ಪು ಎಸೆತಕ್ಕೆ ಅವರಿಗೆ ಮೊದಲ ಬೇಸ್ ಪುಕ್ಕಟೆ ಸಿಕ್ಕಿತು, ಎಲ್ಲರೂ ಒಂದೊಂದು ಬೇಸ್ ಮುಂದೆ ಹೋದರು, ಮೂರನೇ ಬೇಸಿನಲ್ಲಿದ್ದವನು ಸುತ್ತು ಮುಗಿಸಿದ್ದರಿಂದ ರನ್ ಬಂತು, ಗೆದ್ದೆವು. ನನ್ನ ಕಣ್ಣು ಒದ್ದೆಯಾಗಿತ್ತು.

ಅಂಕಲ್ ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟರು. "ಸದ್ಯ ನೀನು ಹೋಗ್ಲಿಲ್ಲ ಕಣಯ್ಯಾ. ಹೋಗಿದ್ರೆ ಹೊಡೆಯೋಕೆ ಹೋಗಿ ಎಲ್ಲಾ ಕೆಡಿಸ್ತಿದ್ದೆ."